ತಪ್ಪು ಉಪ್ಪು ಗಾಳಿಯದ್ದಲ್ಲ

ನನ್ನ ಕಾರಿನ ಒಂದೇ ಒಂದು ಬೋಲ್ಟು. ಕಿರುಬೆರಳಿಗಿಂತ ಸಪೂರ. ಅದರ ಹಿಂದೆ ನನ್ನ ಮೂರು ದಿನ ಹೋಯಿತು, ಎರಡು ಗೆಣ್ಣಿನ ಚರ್ಮ ಹೋಯಿತು. ಅಮ್ಮ ಜಡಿಮಳೆಯಲ್ಲಿ ರಿಕ್ಷಾ ಹತ್ತಿ, ಅರ್ಧ ಒದ್ದೆಯಾಗಿ, ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಬಂದರು. ಇದನ್ನು ಬರೆದು ಮುಗಿಸದೆ ಇವತ್ತು ನನಗೆ ನಿದ್ದೆ ಬರುವುದಿಲ್ಲ.

ಶುರುವಾದದ್ದು ಮಣಿಪಾಲದ ಏರಿನಲ್ಲಿ. ಇಂದ್ರಾಳಿ ದಾಟಿ ಹತ್ತುವಾಗ ಟೆಂಪರೇಚರ್ ಮುಳ್ಳು ಮೇಲೆ ಹೋಗತೊಡಗಿತು. ಬದಿಗೆ ನಿಲ್ಲಿಸಿ, ತಣಿಯಲು ಬಿಟ್ಟು, ಮೆಲ್ಲ ಕೊಡವೂರಿಗೆ ವಾಪಸ್ ತಂದೆ. ಕೂಲೆಂಟ್ ಸರಿ ಇತ್ತು. ಎಂಜಿನ್ ಕುದಿಯುತ್ತಿದ್ದರೂ ರೇಡಿಯೇಟರ್ ಪೈಪು ಮಾತ್ರ ತಣ್ಣಗೆ. ಎಂಜಿನ್ ಬಿಸಿಯಾದಾಗ ಕೂಲೆಂಟನ್ನು ರೇಡಿಯೇಟರಿಗೆ ಬಿಡುವ ಥರ್ಮೋಸ್ಟಾಟ್ ತೆರೆಯುತ್ತಿಲ್ಲ ಅಂತ ಅರ್ಥ. ಹೊಸದಕ್ಕೆ ಗ್ಯಾಸ್ಕೆಟ್ ಸೇರಿ 600 ರೂಪಾಯಿ. ಎರಡು ಬೋಲ್ಟು ಬಿಚ್ಚುವುದು, ಹಳೆಯದನ್ನು ತೆಗೆಯುವುದು, ಹೊಸದನ್ನು ಕೂರಿಸುವುದು. ಒಂದು ಗಂಟೆಯ ಕೆಲಸ. ಇಷ್ಟನ್ನು ನಾನೇ ಮಾಡಿಕೊಳ್ಳುತ್ತೇನೆ.

ಮೊದಲ ಬೋಲ್ಟು 10ರ ಪಾನ (ಸ್ಪ್ಯಾನರ್) ಹಾಕಿದ ಕೂಡಲೇ ಬಂತು. ಎರಡನೆಯದಕ್ಕೆ ಪಾನ ಹಾಕಿದರೆ ಸುಮ್ನೆ ಜಾರುತ್ತದೆ. ಟಾರ್ಚ್ ಹಿಡಿದು ಬಗ್ಗಿ ನೋಡಿದೆ. ಆರು ಮೂಲೆಗಳಲ್ಲಿ ನಾಲ್ಕು ಆಗಲೇ ಸವೆದು ಉರುಟಾಗಿವೆ. ಇದು ತುಕ್ಕಿನ ಕೆಲಸ ಅಲ್ಲ. ತುಕ್ಕು ಹಿಡಿದ ಬೋಲ್ಟಿನ ತಲೆ ಹೊಪ್ಪಳೆ ಏಳುತ್ತದೆ. ಇಲ್ಲಿ ಮೂಲೆ ಮಾತ್ರ ಕೊರೆದು ಹೋಗಿದೆ, ನುಣ್ಣಗೆ. ಸರಿ ಕೂರದ ಸಾಕೆಟ್ ಹಾಕಿ, ಚಕ್ರದ ನಟ್ಟು ಬಿಚ್ಚುವ ಗನ್ನಿನಲ್ಲಿ ತಿರುಗಿಸಿದ ಗುರುತು. ಆ ತಲೆಯ ಕೆಳಗೆ ವಾಷರ್ ಎರಡಿತ್ತು. ಇನ್ನೊಂದು ಬೋಲ್ಟಿಗೆ ಒಂದೂ ಇಲ್ಲ. ಆಗ ನನಗೆ ಅರ್ಥವಾಗಲಿಲ್ಲ.

ಎರಡು ವರ್ಷದ ಹಿಂದೆ ಇದೇ ಥರ್ಮೋಸ್ಟಾಟನ್ನು ಉಡುಪಿಯ ಒಂದು ಗ್ಯಾರೇಜಿನಲ್ಲಿ ಹಾಕಿಸಿದ್ದೆ. ಆಮೇಲೆ ಯಾರೂ ಅದನ್ನು ಮುಟ್ಟಿಲ್ಲ.

ಆ ರಾತ್ರಿ ಎಣ್ಣೆ ಸ್ಪ್ರೇ ಮಾಡಿ ಬಿಟ್ಟೆ. ಬೆಳಿಗ್ಗೆ ಮತ್ತೆ ಹಾಕಿದೆ. ಸಣ್ಣ ಸುತ್ತಿಗೆಯಲ್ಲಿ ತಲೆಯ ಮೇಲೆ ನಿಧಾನವಾಗಿ ತಟ್ಟಿದೆ, ಎಣ್ಣೆ ಒಳಗೆ ಇಳಿಯಲಿ ಅಂತ. ಹೀಟ್ ಗನ್ ತಂದು ಬೋಲ್ಟನ್ನು ಬಿಟ್ಟು ಅದರ ಸುತ್ತ ಬಿಸಿ ಮಾಡಿದೆ. ಬೋಲ್ಟು ಉಕ್ಕಿನದು, ಅದು ಕೂತಿರುವ ಎಂಜಿನ್ನಿನ ಮೇಲ್ಭಾಗ, ಅಂದರೆ ಹೆಡ್, ಅಲ್ಯೂಮಿನಿಯಂನದು. ಬಿಸಿಗೆ ಅಲ್ಯೂಮಿನಿಯಂ ಉಕ್ಕಿನ ಹೆಚ್ಚುಕಡಿಮೆ ಎರಡು ಪಟ್ಟು ಹಿಗ್ಗುತ್ತದೆ, ಹಿಡಿತ ಚೂರು ಸಡಿಲವಾಗಬೇಕು. ಆಗಲಿಲ್ಲ. ಆರು ಮೂಲೆಯ ಸಾಕೆಟನ್ನು ತಟ್ಟಿ ಕೂರಿಸಿ ಈಚೆಗೆ ಚೂರು, ಆಚೆಗೆ ಚೂರು ಆಡಿಸಿದೆ. ಒಮ್ಮೆಲೇ ಮೆತ್ತಗೆ ತಿರುಗಿತು. ಬಂತು ಅಂದುಕೊಂಡೆ. ಇಂಥ ಕೆಲಸ ಮಾಡಿದವರಿಗೆ ಆ ಮೆತ್ತಗಿನ ತಿರುವು ಏನಂತ ಗೊತ್ತು. ಬೋಲ್ಟು ಬರುತ್ತಿಲ್ಲ, ಒಳಗೇ ತಿರುಚಿಕೊಳ್ಳುತ್ತಿದೆ. ಟಪ್ ಅಂತ ತಲೆ ಕೈಗೆ ಬಂತು, ಕೈ ಹೋಗಿ ಬ್ರಾಕೆಟಿಗೆ ಬಡಿಯಿತು.

ತಲೆ ಹೋದ ಮೇಲೆ ಥರ್ಮೋಸ್ಟಾಟಿನ ಮುಚ್ಚಳವನ್ನು ಮರದ ತುಂಡಿನಿಂದ ತಟ್ಟಿ ತಟ್ಟಿ ಎಬ್ಬಿಸಿದೆ. ಅರ್ಧ ಇಂಚಿನಷ್ಟು ಬೋಲ್ಟಿನ ತುಂಡು ಹೆಡ್ಡಿನಿಂದ ಹೊರಗೆ ನಿಂತಿತ್ತು. ಅದರ ಫೋಟೋ ತೆಗೆದು ಅದೇ ಗ್ಯಾರೇಜಿಗೆ ಕಳಿಸಿ ಫೋನ್ ಮಾಡಿದೆ.

ಅವರು ಹೇಳಿದ್ದನ್ನು ಇದ್ದ ಹಾಗೇ ಬರೆಯುತ್ತೇನೆ. "ಇದೆಲ್ಲ ಕಾಮನ್ ಸಾರ್. ನಮ್ಮದು ಕರಾವಳಿ ಅಲ್ವಾ, ಉಪ್ಪು ಗಾಳಿ. ಬೋಲ್ಟ್ ಜಾಮ್ ಆಗ್ತದೆ. ಹೆಡ್ ಇಳಿಸಿ ಲೇತಿಗೆ ಕೊಡಬೇಕು. 18 ಸಾವಿರ ಆಗಬಹುದು."

ಉಪ್ಪು ಗಾಳಿ! ನನ್ನ ಪಿತ್ತ ನೆತ್ತಿಗೇರಿದ್ದು ಆ ಮಾತಿಗೆ. ಸಮುದ್ರ ನಿನ್ನೆ ಬಂದದ್ದಾ? ಇಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುತ್ತದೆ ಅಂತ ಗ್ಯಾರೇಜ್ ಇಟ್ಟವರಿಗೆ ಗೊತ್ತಿಲ್ಲವಾ? ಅಲ್ಯೂಮಿನಿಯಂ ಒಳಗೆ ಉಕ್ಕಿನ ಬೋಲ್ಟು ಕೂತು, ನಡುವೆ ಉಪ್ಪಿನ ಪಸೆ ಸೇರಿದರೆ ಅಲ್ಯೂಮಿನಿಯಂ ಕರಗಿ ಬಿಳಿ ಪುಡಿಯಾಗಿ ಥ್ರೆಡ್ಡನ್ನು ಬಿಗಿಯುತ್ತದೆ. ಇದು ಗೊತ್ತಿರುವ ಸಂಗತಿ. ಗೊತ್ತಿರುವುದರಿಂದಲೇ ಥ್ರೆಡ್ಡಿಗೆ ಚೂರು ಗ್ರೀಸೋ, ಬೋಲ್ಟು ಜಾಮ್ ಆಗದಂತೆ ತಡೆಯುವ ಆಂಟಿಸೀಜೋ ಸವರಿ ಹಾಕುವುದು. ಸಮುದ್ರದ ಪಕ್ಕ ಇದ್ದೇವೆ ಅನ್ನುವುದು ಜಾಸ್ತಿ ಜಾಗ್ರತೆ ಮಾಡಲು ಕಾರಣ. ಕೈ ತೊಳೆದುಕೊಳ್ಳಲು ಅಲ್ಲ.

ಮೂರನೆಯ ದಿನ ಮಲ್ಪೆಗೆ ಹೋದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಬೋಟುಗಳು ಮೀನು ಹಿಡಿಯಲು ಆಳಸಮುದ್ರಕ್ಕೆ ಹೋಗುವ ಹಾಗಿಲ್ಲ. ಎಲ್ಲ ಬಂದರಿನಲ್ಲಿ ನಿಂತಿರುತ್ತವೆ, ಎಂಜಿನ್ ರಿಪೇರಿ ಎಲ್ಲ ಆ ಎರಡು ತಿಂಗಳಲ್ಲೇ. ಅಲ್ಲಿ ಕೆಲಸ ಮಾಡುವ ಒಬ್ಬ ಹಿರಿಯ ಮೆಕ್ಯಾನಿಕ್ ಪರಿಚಯ. ಫೋಟೋ ನೋಡಿದವರು, "ತುಂಡು ಹೊರಗೆ ಉಂಟಲ್ಲ ಮಾರಾಯ್ರೆ, ಹೆಡ್ ಯಾಕೆ ಇಳಿಸುದು? ಸಂಜೆ ಬರ್ತೇನೆ" ಅಂದರು.

ಅಲ್ಲಿ ನಿಂತಾಗ ಅವರು ಒಂದು ಬೋಟಿನ ಎಂಜಿನ್ ಬಿಚ್ಚುತ್ತಿದ್ದರು. ವರ್ಷದ ಹತ್ತು ತಿಂಗಳು ಸಮುದ್ರದ ಮೇಲೆಯೇ ಇರುವ ಎಂಜಿನ್. ಬೋಲ್ಟುಗಳು ಒಂದೊಂದಾಗಿ ಬರುತ್ತಿದ್ದವು, ಥ್ರೆಡ್ಡಿನ ತುಂಬ ಕಪ್ಪು ಗ್ರೀಸು. "ಇದನ್ನು ಹೋದ ವರ್ಷ ಹಾಕಿದ್ದೂ ನಾನೇ, ಈ ವರ್ಷ ತೆಗೆಯುದೂ ನಾನೇ ಅಲ್ವಾ ಅಣ್ಣ" ಅಂದರು, ಪಾನ ತಿರುಗಿಸುತ್ತಲೇ. ಕಡಲಿನಲ್ಲೇ ಇರುವ ಎಂಜಿನ್ನಿನ ಬೋಲ್ಟು ಬರುತ್ತದೆ. ಕೊಡವೂರಿನಲ್ಲಿ ಶೆಡ್ಡಿನೊಳಗೆ ನಿಲ್ಲುವ ನನ್ನ ಕಾರಿನದು ಬರುವುದಿಲ್ಲ. ಇನ್ನು ಉಪ್ಪು ಗಾಳಿ ಅಂತ ನನಗೆ ಯಾರೂ ಹೇಳಬೇಡಿ.

ಸಂಜೆ ಸ್ಕೂಟರಿನಲ್ಲಿ ಸಣ್ಣ ವೆಲ್ಡಿಂಗ್ ಮೆಷಿನ್ ಇಟ್ಟುಕೊಂಡು ಬಂದರು. ಮೊದಲು ಬ್ಯಾಟರಿ ಟರ್ಮಿನಲ್ ತೆಗೆಸಿದರು. ಒದ್ದೆ ಗೋಣಿ ಹಾಸಿ ಪೈಪು, ವಯರು ಎಲ್ಲ ಮುಚ್ಚಿದರು. ತುಂಡಿನ ಮೇಲೆ ಸ್ವಲ್ಪ ದೊಡ್ಡ ನಟ್ಟು ಇಟ್ಟು ಅದರ ತೂತಿನೊಳಗೆ ವೆಲ್ಡ್ ತುಂಬಿಸಿದರು. ಮೊದಲ ನಟ್ಟು ಕಿತ್ತು ಬಂತು. ಎರಡನೆಯದು ಹಿಡಿಯಿತು. ಕೆಂಪು ಆರಿದ ಮೇಲೆ, ಬಿಸಿ ಇರುವಾಗಲೇ, ಬೋಲ್ಟಿನ ಬುಡಕ್ಕೆ ಮೇಣದ ಬತ್ತಿ ತಾಗಿಸಿದರು. ಮೇಣ ಕರಗಿ ಥ್ರೆಡ್ಡಿನೊಳಗೆ ಇಂಗಿತು. ಶೆಡ್ಡಿನ ತುಂಬ ಮೇಣದ ವಾಸನೆ. ಪೂರ್ತಿ ತಣಿಯುವವರೆಗೆ ಚಾ ಕುಡಿದರು, ಅವಸರ ಇಲ್ಲ. ಆಮೇಲೆ ಪಾನ ಹಾಕಿ ಎಂಟನೇ ಒಂದು ಸುತ್ತು ಈಚೆ, ಅಷ್ಟೇ ಆಚೆ. ಕಿರ್ ಅಂದಿತು. ಹತ್ತು ನಿಮಿಷದಲ್ಲಿ ಬೋಲ್ಟು ಅವರ ಅಂಗೈಯಲ್ಲಿತ್ತು.

ಒರೆಸಿ ನೋಡಿದೆವು. ಥ್ರೆಡ್ಡಿನ ಸಂದುಗಳಲ್ಲಿ ಒಣಗಿದ ಬಿಳಿ ಪುಡಿ. ಗ್ರೀಸಿನ ಗುರುತೇ ಇಲ್ಲ. ತಲೆಯ ತುಂಡನ್ನು ಜೋಡಿಸಿ ಇನ್ನೊಂದು ಬೋಲ್ಟಿನ ಪಕ್ಕ ಹಿಡಿದೆ. ಅದು 25 ಮಿಲಿಮೀಟರ್. ಇದು 30.

ಕಂಪನಿಯ ಬೋಲ್ಟನ್ನು ಕಳೆದುಹಾಕಿ, ಡಬ್ಬದಲ್ಲಿ ಸಿಕ್ಕಿದ್ದನ್ನು ಹಾಕಿದ್ದಾರೆ. ಉದ್ದದ್ದು ತೂತಿನ ತಳಕ್ಕೆ ತಾಗಿ ಮುಚ್ಚಳ ಕೂತಿಲ್ಲ. ಅದಕ್ಕೆ ಎರಡು ವಾಷರ್ ತುರುಕಿದ್ದಾರೆ. ಆಗಲೂ ಸಾಲಲಿಲ್ಲವೇನೋ, ಗನ್ ಹಿಡಿದು ಬಿಗಿದಿದ್ದಾರೆ. ಇಷ್ಟು ಸಣ್ಣ ಬೋಲ್ಟಿಗೆ ಬೇಕಾದ್ದು ಸುಮಾರು 10 ನ್ಯೂಟನ್ ಮೀಟರ್. ಒಂದು ಮೀಟರ್ ಕೋಲಿನ ತುದಿಗೆ ಒಂದು ಕೆಜಿ ಅಕ್ಕಿ ನೇತುಹಾಕಿದಷ್ಟೇ ಬಲ. ಸಣ್ಣ ಪಾನ ಹಿಡಿದು ಬರೀ ಮಣಿಕಟ್ಟಿನಿಂದ ಬಿಗಿಯುವ ಕೆಲಸ. ಚಕ್ರದ ನಟ್ಟು ಬಿಚ್ಚುವ ಗನ್ನನ್ನು ಅದಕ್ಕೆ ಹಿಡಿಯುತ್ತಾರಾ? ಅದೂ ಅಲ್ಯೂಮಿನಿಯಂ ಥ್ರೆಡ್ಡಿಗೆ? ಒಂದು ಸರಿಯಾದ ಬೋಲ್ಟಿಗೆ 20 ರೂಪಾಯಿ ಇರಬಹುದು. ನನ್ನ ಹತ್ತಿರ ಕೇಳಿದ್ದರೆ 200 ಕೊಡುತ್ತಿದ್ದೆ.

ಮಲ್ಪೆಯವರು 500 ತೆಗೆದುಕೊಂಡರು. ಜಾಸ್ತಿ ಕೊಡಲು ಹೋದರೆ ಬೇಡ ಅಂದರು. ಹೊಸ ಬೋಲ್ಟಿಗೆ ಅವರೇ ಗ್ರೀಸ್ ಸವರಿ ಕೈಯಲ್ಲಿ ಬಿಗಿದರು.

ಸೋಮವಾರ ಆ ಮುರಿದ ಬೋಲ್ಟು, ಎರಡು ವಾಷರ್ ತೆಗೆದುಕೊಂಡು ಗ್ಯಾರೇಜಿಗೆ ಹೋಗಿ ಮೇಜಿನ ಮೇಲೆ ಇಟ್ಟೆ. ಯಜಮಾನರು ಎತ್ತಿ ನೋಡಿದರು. "ಆ ಹುಡುಗ ಕೆಲಸ ಬಿಟ್ಟು ಹೋದ ಸಾರ್" ಅಂದರು. ತಪ್ಪಾಯಿತು ಅಂತ ಒಂದು ಮಾತಿಲ್ಲ. ಅವನಿಗೆ ಗನ್ ಕೊಟ್ಟವರು ಯಾರು? ಕೆಲಸ ಮುಗಿದ ಮೇಲೆ ನೋಡಬೇಕಾದವರು ಯಾರು? ಅವನು ಇಲ್ಲಿದ್ದಾಗ ಇನ್ನೆಷ್ಟು ಕಾರಿಗೆ ಹೀಗೆ ಬೋಲ್ಟು ಹಾಕಿದ್ದಾನೆ ಅಂತ ಕೇಳಿದೆ. ಅವರು ಫೋನ್ ಬಂತು ಅಂತ ಒಳಗೆ ಹೋದರು.

ಉಡುಪಿ ಕಡೆಯವರು ಯಾರಾದರೂ ಈಚೆಗೆ ಥರ್ಮೋಸ್ಟಾಟ್ ಹಾಕಿಸಿದ್ದರೆ ಎಂಜಿನ್ ತಣ್ಣಗಿರುವಾಗ ಬಾನೆಟ್ ಎತ್ತಿ ಒಮ್ಮೆ ನೋಡಿ. ಒಂದು ಬೋಲ್ಟಿಗೆ ವಾಷರ್ ಇಲ್ಲದೆ, ಪಕ್ಕದ್ದಕ್ಕೆ ಎರಡಿದ್ದರೆ, ಹಾಕಿದವರ ಹತ್ತಿರವೇ ಹೋಗಿ ಅವರ ಖರ್ಚಿನಲ್ಲೇ ತೆಗೆಸಿ.