ಹೈಬ್ರಿಡ್ ಬೀಜದ ಎರಡನೆಯ ಬೆಳೆ

ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ಹತ್ತು ವರ್ಷ ಹಳೆಯ ಹೈಬ್ರಿಡ್ ಕಾರು ಕೊಂಡೆ ಎಂದು ರಾಣೆಬೆನ್ನೂರಿಗೆ ಫೋನ್ ಮಾಡಿ ಹೇಳಿದಾಗ ಅಪ್ಪ ಮೊದಲು ಕೇಳಿದ್ದು, "ಲೀಟರಿಗೆ ಎಷ್ಟು ಕೊಡುತ್ತದೆ?" ಗ್ಯಾಲನ್ನಿಗೆ 50 ಮೈಲಿ ಎಂಬುದನ್ನು ಮನಸ್ಸಿನಲ್ಲೇ ಭಾಗಿಸಿ "21 ಕಿಲೋಮೀಟರ್" ಎಂದೆ. "ನನ್ನ ಹೀರೋ ಹೋಂಡಾ 60 ಕೊಡುತ್ತದೆ" ಎಂದರು. ಆಮೇಲೆ, "ಹೈಬ್ರಿಡ್ ಎಂದರೆ ನಮ್ಮ ಗೋವಿನಜೋಳದ ಹಾಗೋ?"

ಪೆಟ್ರೋಲ್ ಎಂಜಿನ್ನು, ವಿದ್ಯುತ್ ಮೋಟಾರು ಎರಡೂ ಸೇರಿ ಎಳೆಯುವ ಗಾಡಿ ಎಂದು ವಿವರಿಸಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹೈಬ್ರಿಡ್ ಮೊದಲ ಬೆಳೆ ಚೆನ್ನಾಗಿಯೇ ಬರುತ್ತದಪ್ಪ. ಅದರ ಕಾಳನ್ನೇ ಇಟ್ಟುಕೊಂಡು ಮರುವರ್ಷ ಬಿತ್ತಿದರೆ ಮಾತ್ರ ದೇವರೇ ಗತಿ. ನೀನು ಕೊಂಡದ್ದು ಎಷ್ಟನೆಯ ಬೆಳೆ?"

ನಾನು ನಕ್ಕುಬಿಟ್ಟೆ. ಅದು 2020.

7,000 ಡಾಲರ್ ಕೊಟ್ಟ ದಿನವೇ ಒಂದು ನೋಟ್ ಪುಸ್ತಕವನ್ನೂ ಕೊಂಡು ಕಾರಿನಲ್ಲಿಟ್ಟೆ. ಪೆಟ್ರೋಲ್ ಹಾಕಿಸಿದಾಗಲೆಲ್ಲ, ಹಳೆಯ ಕಾರಾಗಿದ್ದರೆ ಎಷ್ಟು ಕುಡಿಯುತ್ತಿತ್ತು, ಇದು ಎಷ್ಟು ಕುಡಿಯಿತು, ಉಳಿದದ್ದೆಷ್ಟು ಎಂದು ಅದರಲ್ಲಿ ಬರೆಯುತ್ತಿದ್ದೆ. ಮನೆಗೆ ಬಂದವರಿಗೆ ಕಾಫಿಗೂ ಮುಂಚೆ ಅದರ ದರ್ಶನವಾಗುತ್ತಿತ್ತು. ಆ ಪುಸ್ತಕದಲ್ಲಿ ಖರ್ಚಿನ ಕಲಮು ಇರಲಿಲ್ಲ. ರಿಪೇರಿಯ ಬಿಲ್ಲುಗಳನ್ನು ಡಿಕ್ಕಿಯ ತಳಹಾಸಿನ ಕೆಳಗೆ, ಸ್ಟೆಪ್ನಿಯ ಪಕ್ಕ ಸೇರಿಸುತ್ತಿದ್ದೆ. ನಮ್ಮ ಮನೆಯಲ್ಲಿ ಸ್ಟೆಪ್ನಿಯ ತಂಟೆಗೆ ಹೋಗುವವರು ಯಾರೂ ಇಲ್ಲ.

ಮೂರನೆಯ ತಿಂಗಳು ಹೆದ್ದಾರಿಯಲ್ಲಿ ಡ್ಯಾಶ್‌ಬೋರ್ಡ್ ಮೇಲೆ ಕೆಂಪು ತ್ರಿಕೋನ ಉರಿಯಿತು. ನಮ್ಮೂರ ಆಸ್ಪತ್ರೆಯ ಗೋಡೆಯ ಮೇಲೆ ಕುಟುಂಬ ಯೋಜನೆಯವರು ಬರೆಸಿದ್ದ ಕೆಂಪು ತ್ರಿಕೋನವನ್ನು ನೋಡುತ್ತಲೇ ಬೆಳೆದವನು ನಾನು. ಅದು ತಲೆಕೆಳಗಾಗಿತ್ತು, ಇದು ನೆಟ್ಟಗಿತ್ತು. ಹೇಳಿದ್ದು ಮಾತ್ರ ಒಂದೇ: ಇಲ್ಲಿಗೆ ಸಾಕು.

ವಿದ್ಯುತ್ ಮೋಟಾರನ್ನು ಓಡಿಸುವ ದೊಡ್ಡ ಬ್ಯಾಟರಿ ಕೆಟ್ಟಿತ್ತು. ಕ್ಯಾಲಿಫೋರ್ನಿಯಾದಲ್ಲಿ ಈ ಬ್ಯಾಟರಿಗೆ ಹತ್ತು ವರ್ಷ ಅಥವಾ 1,50,000 ಮೈಲಿಯ ವಾರಂಟಿ. ಮೈಲಿ ಇನ್ನೂ 1,20,000 ದಾಟಿರಲಿಲ್ಲ. ವಯಸ್ಸು ಹತ್ತು ವರ್ಷ ಮೂರು ತಿಂಗಳು.

ಕಂಪನಿಯ ಸರ್ವಿಸ್ ಕೇಂದ್ರದವರು ಹೇಳಿದ ಬೆಲೆಗೆ ಊರಿನಲ್ಲಿ ಎರಡು ಎತ್ತಿನ ಜೋಡಿ ಬರುತ್ತಿದ್ದವು. ಹೊರಗಿನ ಗ್ಯಾರೇಜೊಂದರ ವಿಯೆಟ್ನಾಮಿ ಯಜಮಾನರ ಹತ್ತಿರ ಹೋದೆ. ಅವರು ಹಿಂದಿನ ಸೀಟಿನ ಪಕ್ಕದ ಜಾಲರಿ ತೆಗೆದು, ಬ್ಯಾಟರಿಗೆ ಗಾಳಿ ಊದುವ ಫ್ಯಾನಿನೊಳಗೆ ಚಿಮಟ ಹಾಕಿ ಒಂದು ವಸ್ತುವನ್ನು ಹೊರಗೆಳೆದರು. ಹೊಂಬಣ್ಣದ ಕೂದಲು, ಬೂದು ಧೂಳು ಹೆಣೆದುಕೊಂಡು ಅಂಗೈ ಅಗಲದ ಕಂಬಳಿಯೇ ಆಗಿತ್ತು. ಸತ್ತ ಇಲಿಯನ್ನು ಬಾಲ ಹಿಡಿದು ಎತ್ತುವಂತೆ ಅದನ್ನು ಎತ್ತಿ ಹಿಡಿದು, "ನಾಯಿ ಸಾಕಿದ್ದೀರಾ?" ಎಂದರು.

"ಇಲ್ಲ, ಕಾರಿನ ಜೊತೆಗೇ ಬಂದಿದೆ" ಎಂದೆ.

ಗಾಳಿಯಿಲ್ಲದೆ ಬ್ಯಾಟರಿ ವರ್ಷಗಟ್ಟಲೆ ಬೆಂದಿತ್ತು. ಅದರೊಳಗೆ 28 ತುಂಡುಗಳು ಒಂದರ ಬೆನ್ನಿಗೊಂದು ಜೋಡಿಸಿಕೊಂಡು ಕೂತಿರುತ್ತವೆ. ಎಲ್ಲ ಸೇರಿ 200 ವೋಲ್ಟ್ ಚಿಲ್ಲರೆ. ಒಂದು ಮುನಿಸಿಕೊಂಡರೆ ಮನೆಯೆಲ್ಲ ಉಪವಾಸ. ಮುನಿಸಿಕೊಂಡ ಎರಡನ್ನು ಬದಲಾಯಿಸಿದರು, 700 ಡಾಲರ್. ಹಳೆಯ ಪಂಚೆಗೆ ಹೊಸ ತೇಪೆ ಹಾಕಿದರೆ ಏನಾಗುತ್ತದೆ ಎಂಬುದು ನನ್ನ ಅಜ್ಜಿಗೆ ಗೊತ್ತಿತ್ತು: ತೇಪೆ ಗಟ್ಟಿಯಾಗಿಯೇ ಇರುತ್ತದೆ, ಅದರ ಪಕ್ಕ ಹರಿಯುತ್ತದೆ. ನಾಲ್ಕು ತಿಂಗಳಿಗೆ ಪಕ್ಕದ್ದು ಹೋಯಿತು. ಅದಾದ ಮೇಲೆ ಅದರ ಪಕ್ಕದ್ದು. ಕೊನೆಗೆ ಪೂರ್ತಿ ಬ್ಯಾಟರಿಯನ್ನೇ ಹಾಕಿಸಿದೆ, 2,300. ಬಿಲ್ಲುಗಳೆಲ್ಲ ಸ್ಟೆಪ್ನಿಯ ಪಕ್ಕ.

ಒಂದು ಮಾತು ನ್ಯಾಯವಾಗಿ ಹೇಳಬೇಕು. ಈ ಕಾರಿನ ಬ್ರೇಕ್ ಪ್ಯಾಡ್ ಸವೆಯುವುದೇ ಇಲ್ಲ. ನಿಲ್ಲಿಸುವ ಕೆಲಸವನ್ನು ಬಹುಪಾಲು ಮೋಟಾರೇ ಮಾಡಿ, ಆ ಓಟವನ್ನು ಬ್ಯಾಟರಿಗೆ ತುಂಬಿಕೊಳ್ಳುತ್ತದೆ. ಎರಡನೆಯ ಸಲ ಬ್ಯಾಟರಿ ಕೆಟ್ಟಾಗ, ಕಾರನ್ನು ಎಳೆದೊಯ್ಯಲು ಬಂದ ಲಾರಿಯವನಿಗೂ ಇದನ್ನು ಹೇಳಿದ್ದೆ.

2021ರ ಒಂದು ಬೆಳಿಗ್ಗೆ ಕಾರು ಮೌನವಾಗಿ ಹೊರಟು, ಎಂಜಿನ್ನು ಏಳುತ್ತಿದ್ದಂತೆ ಟ್ರ್ಯಾಕ್ಟರಿನಂತೆ ಗುಡುಗಿತು. ಎದುರುಮನೆಯ ಮಗು ಅತ್ತಿತು. ಬಗ್ಗಿ ನೋಡಿದರೆ ಹೊಗೆಕೊಳವೆಯ ನಡುವೆ ಒಂದು ಮೊಳದಷ್ಟು ಆಕಾಶ. ರಾತ್ರಿ ಯಾರೋ ಕ್ಯಾಟಲಿಟಿಕ್ ಕನ್ವರ್ಟರನ್ನು ಗರಗಸದಿಂದ ಕೊಯ್ದುಕೊಂಡು ಹೋಗಿದ್ದರು. ಹೊಗೆಯ ವಿಷ ಕಳೆಯುವ ಆ ಡಬ್ಬಿಯಲ್ಲಿ ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂ ಇರುತ್ತವೆ. ಆ ವರ್ಷ ರೋಡಿಯಂ ಬೆಲೆ ಚಿನ್ನದ ಹತ್ತು ಪಟ್ಟನ್ನೂ ಮೀರಿತ್ತು. ಹೈಬ್ರಿಡ್ಡಿನ ಎಂಜಿನ್ನು ದುಡಿಯುವುದು ಕಡಿಮೆಯಾದ್ದರಿಂದ ಅದರ ಡಬ್ಬಿಯಲ್ಲಿ ಲೋಹ ಚೆನ್ನಾಗಿ ಉಳಿದಿರುತ್ತದಂತೆ. ಅಂದರೆ ನಾನು ಮೊಟ್ಟೆಯ ಮೇಲೆ ಕಾಲಿಟ್ಟಂತೆ ಆಕ್ಸಿಲರೇಟರ್ ಒತ್ತಿ ಉಳಿಸಿದ್ದನ್ನೆಲ್ಲ ಕಳ್ಳನಿಗಾಗಿಯೇ ಉಳಿಸಿದ್ದೆ. 2023ರಿಂದ ಇಲ್ಲಿ ಗುಜರಿಯವರು ಕಂಡಕಂಡವರಿಂದ ಬಿಡಿ ಕನ್ವರ್ಟರ್ ಕೊಳ್ಳದಂತೆ ಕಾನೂನು ಬಂದಿದೆ. ಸಂತೋಷ.

ಕಳ್ಳತನಕ್ಕೆ ಪರಿಹಾರ ಕೊಡುವ ವಿಮೆಯನ್ನು ನಾನು ಉಳಿತಾಯಕ್ಕೆಂದು ಆಗಲೇ ಕೈಬಿಟ್ಟಿದ್ದೆ. ಹೊಸದಕ್ಕೆ 2,400 ಆಯಿತು. ಮನೆಯಲ್ಲಿ 800 ಎಂದೆ.

ಕಳೆದ ಚಳಿಗಾಲದಲ್ಲಿ ಚಿಕ್ಕ ಬ್ಯಾಟರಿಯ ಸರದಿ. ದೊಡ್ಡದು ಎಷ್ಟೇ ಬಲವಾಗಿರಲಿ, ಕಾರಿನ ಕಂಪ್ಯೂಟರನ್ನು ಎಬ್ಬಿಸುವುದು ಈ 12 ವೋಲ್ಟಿನದ್ದು. ಇದು ಮಲಗಿದರೆ ರಿಮೋಟಿಗೆ ಯಾವ ಬಾಗಿಲೂ ಏಳುವುದಿಲ್ಲ. ರಿಮೋಟಿನ ಹೊಟ್ಟೆಯಿಂದ ಲೋಹದ ಕೀಲಿ ತೆಗೆದು ಮುಂದಿನ ಬಾಗಿಲು ತೆರೆದೆ. ಆದರೆ ಚಿಕ್ಕ ಬ್ಯಾಟರಿ ಇರುವುದು ಡಿಕ್ಕಿಯ ಮೂಲೆಯಲ್ಲಿ, ಡಿಕ್ಕಿಯ ಬೀಗ ನಡೆಯುವುದು ಅದೇ ಬ್ಯಾಟರಿಯಿಂದ. ಹಿಂದಿನ ಸೀಟು ಮಡಚಿ ಒಳಗಿನಿಂದ ತೆವಳಿಕೊಂಡು ಹೋಗಬೇಕು.

"ನಿಮ್ಮ ಹೊಟ್ಟೆ ಅಲ್ಲಿ ತೂರುವುದಿಲ್ಲ, ಸರಿಯಿರಿ" ಎಂದು ನನ್ನ ಹೆಂಡತಿ ಮೊಬೈಲ್ ಟಾರ್ಚ್ ಹಚ್ಚಿಕೊಂಡು ಒಳಗೆ ಹೋದಳು. ಬೇಡ ಎನ್ನಲು ನನ್ನ ಹತ್ತಿರ ಕಾರಣವಿತ್ತು, ಹೇಳುವಂತಿರಲಿಲ್ಲ.

ತಳಹಾಸು ಎತ್ತಿದ ಸದ್ದು ಕೇಳಿಸಿತು. ಆಮೇಲೆ ಕಾಗದದ ಸದ್ದು. ಟಾರ್ಚಿನ ಬೆಳಕು ಒಂದೇ ಕಡೆ ನಿಂತಿತು, ಸ್ವಲ್ಪ ಸರಿಯಿತು, ಮತ್ತೆ ನಿಂತಿತು. ಹೈಬ್ರಿಡ್ ಕಾರು ಅಷ್ಟು ಮೌನವಾಗಿದ್ದುದನ್ನು ನಾನು ಹಿಂದೆಂದೂ ಕಂಡಿರಲಿಲ್ಲ.

"ರೀ, ಆ ಹೊಗೆಡಬ್ಬಿಗೆ ಎಷ್ಟು ಎಂದಿದ್ದಿರಿ?"

"ಮೊದಲು ಬ್ಯಾಟರಿ ಬಿಚ್ಚಬಾರದೇ?" ಎಂದೆ.

ಎರಡು ಸೀಟುಗಳ ನಡುವಿನಿಂದ ಒಂದು ಕೈ ಹೊರಗೆ ಬಂತು.

"ಆ ಪುಸ್ತಕ ಕೊಡಿ. ಪೆನ್ನೂ ಕೊಡಿ."