ಒಣಮೆಣಸಿನಕಾಯಿ ಹತ್ತು, ಸರಿ, ಯಾವ್ದು?

ಬಿಸಿಬೇಳೆಬಾತ್ ಪುಡಿ ಹೆಂಗೆ ಮಾಡೋದು ಅಂತ ಅಡುಗೆ ಬ್ಲಾಗ್‌ಗಳಲ್ಲಿ ಹುಡುಕಿದ್ರೆ ಮೊದ್ಲು ಅಜ್ಜಿ ಮನೆ, ಮಳೆ, ಬಾಲ್ಯ ಎಲ್ಲಾ ಬರುತ್ತೆ, ಸ್ಕ್ರೋಲ್ ಮಾಡಿ ಮಾಡಿ ಬೆರಳು ನೋವು ಬಂದ್ಮೇಲೆ "ಒಣಮೆಣಸಿನಕಾಯಿ 10" ಅಂತ ಒಂದು ಸಾಲು. ಯಾವ ಮೆಣಸಿನಕಾಯಿ ಸ್ವಾಮಿ? ಬ್ಯಾಡಗಿ ಆದ್ರೆ ಬಣ್ಣ ಜಾಸ್ತಿ ಖಾರ ಕಮ್ಮಿ, ಅದೇ ಗುಂಟೂರು ಹತ್ತು ಹಾಕಿದ್ರೆ ಮನೇಲಿ ಯಾರೂ ತಟ್ಟೆ ಮುಟ್ಟಲ್ಲ. ಮೆಂತ್ಯ "ಹದವಾಗಿ" ಹುರೀಬೇಕಂತೆ, ಸ್ವಲ್ಪ ಕಪ್ಪಾದ್ರೂ ಇಡೀ ಪುಡಿ ಕಹಿ ಅನ್ನೋದು ಮಾತ್ರ ಹೇಳಲ್ಲ. ಮರಾಠಿ ಮೊಗ್ಗು ಇಲ್ದಿದ್ರೂ ನಡಿಯುತ್ತೆ ಅಂತ ಬೇರೆ (ನಡಿಯಲ್ಲ!). ಇದನ್ನೆಲ್ಲ ಬಿಡಿಸಿ ಬರೆಯೋರು ಒಬ್ರೋ ಇಬ್ರೋ ಇದಾರೆ, ಫೋಟೋ ಮಸುಕಾಗಿದ್ರೂ ನಾನು ಅವ್ರನ್ನೇ ಓದೋದು. ಉಳಿದವ್ರಿಗೆ ಬಾಳೆ ಎಲೆ ಫೋಟೋ ಚೆನ್ನಾಗಿ ಬಂದ್ರೆ ಸಾಕು, ಹುಣಸೆಹಣ್ಣು ಎಷ್ಟು ಅಂತ ಕೇಳಿದ್ರೆ "ರುಚಿಗೆ ತಕ್ಕಷ್ಟು"!