ಯಾರು ಕಟ್ಟಿದರೋ ಗೊತ್ತಿಲ್ಲ, ಯಾರೂ ಕಟ್ಟಲಿಲ್ಲ

ಮೊನ್ನೆ ಭಾನುವಾರ ಅಕ್ಕನ ಮಗಳು ಮನೆಗೆ ಬಂದಿದ್ದಳು. ಸೆಕೆಂಡ್ ಪಿಯುಸಿ, ಸೈನ್ಸ್. ಹಿಂದಿನ ರಾತ್ರಿ ಯಾವುದೋ ಟೈಮ್ ಟ್ರಾವೆಲ್ ಸಿನಿಮಾ ನೋಡಿ ನಿದ್ದೆಗೆಟ್ಟಿದ್ದಳು. ಉಪ್ಪಿಟ್ಟಿನ ತಟ್ಟೆ ಕೈಯಲ್ಲಿ ಹಿಡಿದುಕೊಂಡೇ ಶುರು ಮಾಡಿದಳು. "ಚಿಕ್ಕಮ್ಮ, ನಾನು ಹಿಂದಿನ ಕಾಲಕ್ಕೆ ಹೋಗಿ, ಮದುವೆಗೆ ಮುಂಚೆನೇ ತಾತನನ್ನ ಕೊಂದುಬಿಟ್ಟೆ ಅಂತಿಟ್ಕೋ. ಆಗ ನಾನು ಹುಟ್ಟೋದೇ ಇಲ್ಲ. ಹುಟ್ಟದೇ ಇದ್ರೆ ಕೊಲ್ಲೋಕೆ ಹೋಗಿದ್ದು ಯಾರು?"

ಅಡುಗೆಮನೆಯಿಂದ ಅಮ್ಮ, "ಬೆಳಿಗ್ಗೆ ಬೆಳಿಗ್ಗೆ ಎಂಥ ಮಾತು, ಬಿಡ್ತು ಅನ್ನು" ಅಂದರು. ಅವಳು ಬಿಡ್ತು ಅಂದಳು. ಆದರೆ ಪ್ರಶ್ನೆ ಬಿಡಲಿಲ್ಲ.

ಇಪ್ಪತ್ತು ವರ್ಷದಿಂದ ಫಿಸಿಕ್ಸ್ ಪಾಠ ಮಾಡುತ್ತಿದ್ದೇನೆ. ಪ್ರತಿ ಬ್ಯಾಚಿನಲ್ಲೂ ಒಬ್ಬರಾದರೂ ಇದನ್ನು ಕೇಳುತ್ತಾರೆ. ನನ್ನ ಅನಿಸಿಕೆ ಮೊದಲೇ ಹೇಳಿಬಿಡುತ್ತೇನೆ. ತಾತನ ಪ್ರಶ್ನೆಗೆ ಉತ್ತರ ಇದೆ, ಒಳ್ಳೆಯ ಉತ್ತರವೇ ಇದೆ. ಆದರೆ ಅದರ ಪಕ್ಕದಲ್ಲೇ ಇನ್ನೊಂದು ಪ್ರಶ್ನೆ ಸದ್ದಿಲ್ಲದೆ ಕೂತಿದೆ. ಅದನ್ನು ಯಾರೂ ಜಾಸ್ತಿ ಕೇಳುವುದಿಲ್ಲ. ನನ್ನನ್ನು ಕಾಡುವುದು ಅದೇ.

ಕಾಲದಲ್ಲಿ ಮುಂದಕ್ಕೆ ಹೋಗುವುದರಲ್ಲಿ ಯಾವ ತೊಡಕೂ ಇಲ್ಲ. ಭಾಗವತದ ಕಕುದ್ಮಿ ರಾಜ, ಮಗಳು ರೇವತಿಗೆ ಗಂಡು ಕೇಳಲು ಬ್ರಹ್ಮನ ಹತ್ತಿರ ಹೋದ. ಅಲ್ಲಿ ಗಂಧರ್ವರ ಹಾಡು ನಡೆಯುತ್ತಿತ್ತು, ಮುಗಿಯಲಿ ಅಂತ ಸ್ವಲ್ಪ ಹೊತ್ತು ನಿಂತ. ಅಷ್ಟರಲ್ಲಿ ಭೂಮಿಯ ಮೇಲೆ 27 ಚತುರ್ಯುಗ ಕಳೆದಿತ್ತು. ಅದು ಪುರಾಣ. ಇನ್ನು ಲೆಕ್ಕ ಕೇಳಿ. ಜಿಪಿಎಸ್ ಉಪಗ್ರಹದ ಗಡಿಯಾರ ನೆಲದ ಗಡಿಯಾರಕ್ಕಿಂತ ದಿನಕ್ಕೆ ಸುಮಾರು 38 ಮೈಕ್ರೋಸೆಕೆಂಡ್ ಮುಂದೆ ಓಡುತ್ತದೆ. ಅದನ್ನು ಸರಿಮಾಡದೆ ಬಿಟ್ಟರೆ ಫೋನಿನ ಮ್ಯಾಪ್ ನಮ್ಮನ್ನು ಬೇರೆ ಎಲ್ಲೋ ತೋರಿಸುತ್ತದೆ. ಕಾಲ ಎಲ್ಲ ಕಡೆ ಒಂದೇ ವೇಗದಲ್ಲಿ ಹೋಗುವುದಿಲ್ಲ, ಅಷ್ಟೆ. ಇದರಲ್ಲಿ ಯಾರ ತಾತನಿಗೂ ಅಪಾಯವಿಲ್ಲ.

ತೊಂದರೆ ಇರುವುದು ಹಿಂದಕ್ಕೆ ಹೋಗುವುದರಲ್ಲಿ. ಇದು ಬರೀ ಕಥೆಗಾರರ ಕಲ್ಪನೆ ಅಂತ ಜನ ಅಂದುಕೊಳ್ಳುತ್ತಾರೆ. ಹಾಗಲ್ಲ. 1949ರಲ್ಲಿ ತರ್ಕಶಾಸ್ತ್ರಜ್ಞ ಕರ್ಟ್ ಗೋಡೆಲ್ ಐನ್‌ಸ್ಟೈನ್ ಸಮೀಕರಣಗಳಿಗೇ ಒಂದು ವಿಚಿತ್ರ ಉತ್ತರ ಕಂಡುಹಿಡಿದರು. ಇಬ್ಬರೂ ಪ್ರಿನ್ಸ್‌ಟನ್‌ನಲ್ಲಿ ಒಂದೇ ಸಂಸ್ಥೆಯಲ್ಲಿದ್ದವರು, ಮಾತಾಡುತ್ತಾ ಮನೆಗೆ ನಡೆದುಹೋಗುತ್ತಿದ್ದ ಸ್ನೇಹಿತರು. ಐನ್‌ಸ್ಟೈನ್‌ಗೆ ಆ ವರ್ಷ 70 ತುಂಬಿತ್ತು. ಇಡೀ ವಿಶ್ವವೇ ತಿರುಗುತ್ತಿದ್ದರೆ, ಒಬ್ಬ ಪ್ರಯಾಣಿಕ ಮುಂದೆ ಮುಂದೆ ಹೋಗುತ್ತಲೇ ತಾನು ಹೊರಟ ಗಳಿಗೆಗೇ ವಾಪಸ್ ಬರುವ ದಾರಿಗಳು ಇರುತ್ತವೆ ಅಂತ ಗೋಡೆಲ್ ತೋರಿಸಿಕೊಟ್ಟರು. ನಮ್ಮ ವಿಶ್ವ ಹಾಗೆ ತಿರುಗುತ್ತಿರುವ ಕುರುಹು ಸಿಕ್ಕಿಲ್ಲ. ಆದರೂ ಸಮೀಕರಣ ಇದನ್ನು ಬೇಡ ಅನ್ನುವುದಿಲ್ಲವಲ್ಲ. ಭೌತಿಕ ಕಾರಣಗಳಿಂದ ಇಂಥ ಉತ್ತರಗಳನ್ನು ಹೊರಗಿಡಬೇಕೇ ಅನ್ನುವುದನ್ನು ಯೋಚಿಸಬೇಕು ಅಂತ ಐನ್‌ಸ್ಟೈನ್ ಬರೆದರು. ಆ ಯೋಚನೆ ಇವತ್ತಿಗೂ ಮುಗಿದಿಲ್ಲ.

ಈಗ ತಾತನ ವಿಷಯ. 1976ರಲ್ಲಿ ಅಮೆರಿಕದ ತತ್ತ್ವಶಾಸ್ತ್ರಜ್ಞ ಡೇವಿಡ್ ಲೂಯಿಸ್ ಇದರ ಮೇಲೆ ಒಂದು ಲೇಖನ ಬರೆದರು. ಅವರ ಉದಾಹರಣೆಯಲ್ಲಿ ಟಿಮ್ ಅನ್ನುವವನು ಇದ್ದಾನೆ. ಅವನ ತಾತ 1957ರಲ್ಲಿ ಹಾಸಿಗೆಯಲ್ಲೇ ತೀರಿಕೊಂಡವನು. ಟಿಮ್ ಹಿಂದಕ್ಕೆ ಹೋಗಿ 1921ರಲ್ಲಿ ರೈಫಲ್ ಹಿಡಿದು ತಾತನಿಗಾಗಿ ಹೊಂಚು ಹಾಕುತ್ತಾನೆ. ಗುರಿ ಪಳಗಿದೆ, ಗಾಳಿ ಇಲ್ಲ, ತಾತ ಹತ್ತಿರದಲ್ಲೇ ಇದ್ದಾನೆ. ಅವನಿಗೆ ಕೊಲ್ಲಲು ಸಾಧ್ಯವೇ?

ಇಂಗ್ಲಿಷಿನಲ್ಲಿ ಇಲ್ಲೊಂದು ಗೊಂದಲ ಹುಟ್ಟುತ್ತದೆ. ಅವರಿಗೆ 'ಕ್ಯಾನ್' ಅನ್ನುವ ಒಂದೇ ಪದ. ಅದರ ಒಳಗೆ ಎರಡು ಅರ್ಥ ಸೇರಿಕೊಂಡಿವೆ ಅಂತ ಬಿಡಿಸಿ ತೋರಿಸಲು ಲೂಯಿಸ್ ಪುಟಗಟ್ಟಲೆ ಬರೆಯಬೇಕಾಯಿತು. ನಮ್ಮ ಕನ್ನಡದಲ್ಲಿ ಆ ಎರಡಕ್ಕೂ ಬೇರೆ ಬೇರೆ ಮಾತು ಮೊದಲಿನಿಂದಲೂ ಇದೆ. ನನಗೆ ಈಜು 'ಬರುತ್ತೆ', ಆದರೆ ಇವತ್ತು ಈಜೋಕೆ 'ಆಗಲ್ಲ', ಕೆರೆಯಲ್ಲಿ ನೀರೇ ಇಲ್ಲ. ಹೌದು ತಾನೆ? ಹಾಗೇ, ಟಿಮ್‌ಗೆ ಗುಂಡು ಹೊಡೆಯೋಕೆ ಬರುತ್ತೆ. ಈ ತಾತನನ್ನು 1921ರಲ್ಲಿ ಕೊಲ್ಲೋಕೆ ಮಾತ್ರ ಆಗಲ್ಲ. ಎರಡೂ ನಿಜ, ಒಂದಕ್ಕೊಂದು ಜಗಳವಿಲ್ಲ. ಇದನ್ನು ಕನ್ನಡದಲ್ಲಿ ಪಾಠ ಮಾಡಿದಾಗ ಮಕ್ಕಳಿಗೆ ಎರಡೇ ನಿಮಿಷದಲ್ಲಿ ಹತ್ತುತ್ತದೆ. ನನಗೆ ಅದು ಪ್ರತಿ ಸಲವೂ ಖುಷಿ ಕೊಡುತ್ತದೆ.

"ಹಾಗಾದ್ರೆ ಅವನನ್ನ ಯಾರು ತಡೀತಾರೆ?" ಅಂದಳು ಹುಡುಗಿ. ಯಾರೂ ತಡೆಯುವುದಿಲ್ಲ. ಕಾಲು ಜಾರಬಹುದು, ಬಂದೂಕು ಕೈಕೊಡಬಹುದು, ಕೊನೇ ಗಳಿಗೆಯಲ್ಲಿ ಕರುಳು ಚುರಕ್ ಅನ್ನಬಹುದು. ದಿನಾ ಜಗತ್ತಿನಲ್ಲಿ ನೂರಾರು ಜನರ ಕೆಲಸ ಕೆಡುವ ಹಾಗೇ ಇವನದೂ ಕೆಡುತ್ತದೆ. ನಾವು ತಪ್ಪು ಮಾಡುವುದು ಎಲ್ಲಿ ಅಂದರೆ, 1921 ಎರಡು ಸಲ ಬರುತ್ತದೆ ಅಂದುಕೊಳ್ಳುವುದರಲ್ಲಿ. ಮೊದಲನೇ ಸಲ ಟಿಮ್ ಇರಲಿಲ್ಲ, ಎರಡನೇ ಸಲ ಬಂದ, ಬದಲಾಯಿಸಿದ, ಹೀಗೆ. ಇಲ್ಲ. 1921 ಬಂದಿದ್ದು ಒಂದೇ ಸಲ. ಟಿಮ್ ಅಲ್ಲಿ ಹೊಂಚು ಹಾಕಿದ್ದೂ ಆ ಒಂದು ಸಲದಲ್ಲೇ. ಅವನು ಹುಟ್ಟುವ ಮೊದಲೇ ಅವನು ಸೋತಾಗಿದೆ. ಆಗಿದ್ದು ಆಗಿಹೋಯ್ತು ಅನ್ನುತ್ತೇವಲ್ಲ, ಅದನ್ನು ಅಕ್ಷರಶಃ ತೆಗೆದುಕೊಳ್ಳಬೇಕು.

ಹಿಂದಕ್ಕೆ ಹೋದರೆ ಬೇರೊಂದು ವಿಶ್ವದ ಕವಲಿಗೆ ಹೋಗುತ್ತೇವೆ, ಅಲ್ಲಿ ಏನು ಮಾಡಿದರೂ ನಡೆಯುತ್ತದೆ ಅನ್ನುವ ವಾದವೂ ಇದೆ. ನನಗೆ ಅದರಲ್ಲಿ ಆಸಕ್ತಿ ಕಡಿಮೆ. ಅಲ್ಲಿ ಕೊಂದಿದ್ದು ಬೇರೆ ಯಾರದೋ ತಾತನನ್ನು. ಅದು ಹಿಂದಿನ ಕಾಲವಲ್ಲ, ಬೇರೆ ಊರು.

ಹುಡುಗಿ ಒಪ್ಪಲಿಲ್ಲ. ಮನುಷ್ಯ ಆದರೆ ಮನಸ್ಸು ಬದಲಾಯಿಸಬಹುದು, ಜಾರಿ ಬೀಳಬಹುದು, ಮನಸ್ಸೇ ಇಲ್ಲದ ವಸ್ತು ಆದರೆ? ಒಳ್ಳೆಯ ಪ್ರಶ್ನೆ. ಅಟ್ಟದಿಂದ ಕೇರಂ ಬೋರ್ಡ್ ಇಳಿಸಿದೆವು.

ಇದನ್ನು ಮೊದಲು ಕೇಳಿದ್ದು ಜೋಸೆಫ್ ಪೋಲ್ಚಿನ್‌ಸ್ಕಿ ಅನ್ನುವ ವಿಜ್ಞಾನಿ. ಖಗೋಳವಿಜ್ಞಾನಿ ಕಾರ್ಲ್ ಸೇಗನ್ ಒಂದು ಕಾದಂಬರಿ ಬರೆಯುವಾಗ ಕೇಳಿದ ಸಂದೇಹದಿಂದ ಭೌತವಿಜ್ಞಾನಿ ಕಿಪ್ ಥಾರ್ನ್ ವರ್ಮ್‌ಹೋಲ್‌ಗಳ ಬಗ್ಗೆ ಯೋಚಿಸತೊಡಗಿದ್ದರು. ವರ್ಮ್‌ಹೋಲ್ ಅಂದರೆ ವಿಶ್ವದ ಎರಡು ಜಾಗಗಳನ್ನು ಸೇರಿಸುವ, ಎರಡು ಬಾಯಿಯ ಸುರಂಗ. 1988ರಲ್ಲಿ ಅವರೂ ಅವರ ವಿದ್ಯಾರ್ಥಿಗಳೂ ಅಂಥ ಸುರಂಗ ಇದ್ದರೆ ಅದನ್ನು ಟೈಮ್ ಮಶೀನ್ ಮಾಡಬಹುದು ಅಂತ ಬರೆದರು. ಅದನ್ನು ಓದಿ ಪೋಲ್ಚಿನ್‌ಸ್ಕಿ ಥಾರ್ನ್‌ಗೆ ಪತ್ರ ಹಾಕಿದರು. ಅವರು ಹೇಳಿದ್ದು ಬಿಲಿಯರ್ಡ್ ಚೆಂಡು. ನಮ್ಮ ಮನೆಯಲ್ಲಿದ್ದದ್ದು ಸ್ಟ್ರೈಕರ್.

ಬೋರ್ಡಿಗೆ ಬೋರಿಕ್ ಪೌಡರ್ ಉದುರಿಸಿದೆ. ಬಲಗಡೆಯ ಮೇಲಿನ ಪಾಕೆಟ್ ಸುರಂಗದ ಒಂದು ಬಾಯಿ, ಎಡಗಡೆಯದು ಇನ್ನೊಂದು. ಬಲಕ್ಕೆ ಬಿದ್ದ ಸ್ಟ್ರೈಕರ್ ಎಡದಿಂದ ಹೊರಗೆ ಬರುತ್ತದೆ, ಆದರೆ ಬೀಳುವುದಕ್ಕೆ ಎರಡು ಸೆಕೆಂಡ್ ಮುಂಚೆ. ನಾನು ಸ್ಟ್ರೈಕರ್ ಅನ್ನು ಬಲ ಪಾಕೆಟ್‌ಗೆ ನೇರ ಹೊಡೆಯುತ್ತೇನೆ. ಅದು ಇನ್ನೂ ದಾರಿಯಲ್ಲಿರುವಾಗಲೇ ಎಡದಿಂದ ಅದೇ ಸ್ಟ್ರೈಕರ್ ಹೊರಗೆ ಬಂದು, ತನಗೆ ತಾನೇ ಗುದ್ದಿ, ದಾರಿ ತಪ್ಪಿಸುತ್ತದೆ. ಈಗ ಅದು ಪಾಕೆಟ್‌ಗೆ ಬೀಳಲಿಲ್ಲ. ಬೀಳದಿದ್ದರೆ ಎಡದಿಂದ ಬಂದಿದ್ದು ಯಾವುದು? ಎರಡನೇ ಸ್ಟ್ರೈಕರ್ ಹಿಡಿದುಕೊಂಡು ಎಡ ಪಾಕೆಟ್ ಹತ್ತಿರ ಕೂತಿದ್ದ ಹುಡುಗಿ, "ತಾತ ಇಲ್ಲದೇನೂ ಅದೇ ಗಂಟು" ಅಂದಳು.

ಉತ್ತರ ಕಂಡುಹಿಡಿದದ್ದು ಥಾರ್ನ್ ಹತ್ತಿರ ಓದುತ್ತಿದ್ದ ಇಬ್ಬರು, ಎಚೆವೆರಿಯಾ ಮತ್ತು ಕ್ಲಿಂಕ್‌ಹ್ಯಾಮರ್. ನಾವು ಗುದ್ದುವ ಮುಂಚಿನ ದಾರಿಯನ್ನು ಇಟ್ಟುಕೊಂಡು ಗುದ್ದಿದ ಮೇಲಿನ ಲೆಕ್ಕ ಹಾಕುತ್ತಿದ್ದೇವೆ, ತಪ್ಪು ಅಲ್ಲಿದೆ. ಎಡದಿಂದ ಬರುವ ಸ್ಟ್ರೈಕರ್ ಸ್ವಲ್ಪ ಓರೆಯಾಗಿ ಬರಲಿ. ಆಗ ಅದು ಜೋರಾಗಿ ಗುದ್ದುವುದಿಲ್ಲ, ಅಂಚಿಗೆ ಸವರಿಕೊಂಡು ಹೋಗುತ್ತದೆ. ಸವರಿಸಿಕೊಂಡ ಸ್ಟ್ರೈಕರ್ ದಾರಿ ಚೂರೇ ಚೂರು ಬದಲಾಗುತ್ತದೆ. ಆದರೂ ಬಲ ಪಾಕೆಟ್‌ಗೇ ಬೀಳುತ್ತದೆ, ಸ್ವಲ್ಪ ಓರೆಯಾಗಿ. ಓರೆಯಾಗಿ ಬಿದ್ದದ್ದರಿಂದ ಎಡದಿಂದ ಓರೆಯಾಗಿ ಬರುತ್ತದೆ. ಲೆಕ್ಕ ಕೂಡಿಕೊಂಡಿತು! ನಾವು ಕೈಯಲ್ಲಿ ತಳ್ಳಿ ತಳ್ಳಿ ನೋಡಿದೆವು. ಪೌಡರ್ ಮೇಲೆ ಎರಡು ಗೆರೆ, ಒಂದನ್ನೊಂದು ಮುಟ್ಟಿಯೂ ಮುಟ್ಟದ ಹಾಗೆ. ಹುಡುಗಿ ಎಷ್ಟೋ ಹೊತ್ತು ಅದನ್ನೇ ನೋಡುತ್ತಿದ್ದಳು.

ಇನ್ನೂ ದೊಡ್ಡ ಅಚ್ಚರಿ ಆಮೇಲೆ ಬಂತು. ಅಂಥ ಉತ್ತರ ಒಂದಲ್ಲ, ಲೆಕ್ಕವಿಲ್ಲದಷ್ಟು. ಗಂಟು ಬಿಚ್ಚುವುದಿಲ್ಲ ಅಂತ ಶುರುವಾಗಿದ್ದು, ಬಿಚ್ಚುವ ದಾರಿ ವಿಪರೀತ ಜಾಸ್ತಿ ಅನ್ನುವಲ್ಲಿ ನಿಂತಿತು. ಅವುಗಳಲ್ಲಿ ಯಾವುದು ನಡೆಯುತ್ತದೆ ಅಂತ ನ್ಯೂಟನ್ ಕಾಲದ ಫಿಸಿಕ್ಸ್ ಹೇಳಲಾರದು. ಜಗತ್ತಿನಲ್ಲಿ ನಡೆಯುವುದು ಒಂದಕ್ಕೊಂದು ಹೊಂದಿಕೊಂಡೇ ನಡೆಯುತ್ತದೆ ಅನ್ನುವ ಈ ನಿಯಮಕ್ಕೆ ರಷ್ಯಾದ ಭೌತವಿಜ್ಞಾನಿ ಇಗೋರ್ ನೋವಿಕೋವ್ ಹೆಸರು ಅಂಟಿಕೊಂಡಿದೆ. ಸ್ಟೀಫನ್ ಹಾಕಿಂಗ್‌ಗೆ ಇಷ್ಟು ದೂರವೂ ಬೇಕಿರಲಿಲ್ಲ. ಟೈಮ್ ಮಶೀನ್ ಆಗುವುದಕ್ಕೇ ಪ್ರಕೃತಿ ಬಿಡುವುದಿಲ್ಲ ಅಂತ 1992ರಲ್ಲಿ ಬರೆದರು. 2009ರ ಜೂನ್ 28ರಂದು ಕೇಂಬ್ರಿಡ್ಜ್‌ನಲ್ಲಿ ಕಾಲಪ್ರಯಾಣಿಕರಿಗೆ ಅಂತ ಪಾರ್ಟಿ ಇಟ್ಟು, ಪಾರ್ಟಿ ಮುಗಿದ ಮೇಲೆ ಆಹ್ವಾನ ಕಳಿಸಿದರು. ಯಾರೂ ಬಂದಿರಲಿಲ್ಲ.

ಕೇರಂ ನೋಡುತ್ತಾ ಬಾಗಿಲಲ್ಲಿ ನಿಂತಿದ್ದ ಅಮ್ಮ ಹೇಳಿದರು, "ಕಂಸನ ಕಥೆ ಅಲ್ವಾ ಇದು?"

ಎಷ್ಟು ಸರಿಯಾದ ಮಾತು. ತಂಗಿಯ ಮದುವೆಯ ದಿನ ಕಂಸ ತಾನೇ ರಥ ಹೊಡೆದುಕೊಂಡು ಹೊರಟವನು, ಅಷ್ಟು ಅಕ್ಕರೆ. ಎಂಟನೇ ಮಗು ನಿನ್ನನ್ನು ಕೊಲ್ಲುತ್ತದೆ ಅಂತ ಅಶರೀರವಾಣಿ ಕೇಳಿದ ಮೇಲೆ ಕತ್ತಿ ಹಿರಿದ, ಸೆರೆಗೆ ಹಾಕಿದ, ಹಸುಗೂಸುಗಳನ್ನು ಕೊಂದ. ಆ ಮಾತು ಕೇಳಿಸದೇ ಇದ್ದಿದ್ದರೆ ಕೃಷ್ಣ ಮಥುರೆಯಲ್ಲೇ ಸೋದರಮಾವನ ತೊಡೆಯ ಮೇಲೆ ಬೆಳೆಯುತ್ತಿದ್ದನೇನೋ. ಭಾಗವತ ಭೂಭಾರ ಇಳಿಸುವ ಬೇರೆ ಕಾರಣವನ್ನೂ ಹೇಳುತ್ತದೆ, ನಿಜ. ಆದರೆ ಬರೀ ಘಟನೆಗಳನ್ನು ನೋಡಿ. ಮುಂದೆ ಆಗುವ ಸಾವಿನ ಸುದ್ದಿ ಹಿಂದಕ್ಕೆ ಬಂತು. ಆ ಸುದ್ದಿಯೇ ಸಾವಿಗೆ ದಾರಿ ಮಾಡಿತು. ತಪ್ಪಿಸಲು ಹೋಗಿದ್ದೇ ತಂದುಕೊಂಡ ಹಾಗಾಯಿತು.

ಇದು ಕಾರಣದ ಸುತ್ತು. ಬೀಜ ಮೊದಲೋ ಮರ ಮೊದಲೋ ಅನ್ನುವ ಹಳೆಯ ಮಾತಿಗೂ ಇದಕ್ಕೂ ವ್ಯತ್ಯಾಸ ಇದೆ. ಅಲ್ಲಿ ಒಂದು ಬೀಜದಿಂದ ಮರ, ಆ ಮರದಿಂದ ಇನ್ನೊಂದು ಬೀಜ. ಅದು ಸರಪಳಿ, ಎಷ್ಟು ಬೇಕಾದರೂ ಹಿಂದಕ್ಕೆ ಹೋಗಬಹುದು. ಸುತ್ತಿನಲ್ಲಿ ಹಾಗಲ್ಲ. ಈ ಬೀಜದಿಂದ ಬಂದ ಮರದಲ್ಲೇ ಈ ಬೀಜ ಬಿಡಬೇಕು.

ನನಗೆ ಇದು ಮನಸ್ಸಿಗೆ ನಾಟಿದ್ದು ಅಮ್ಮನ ಹಾಡಿನ ಪುಸ್ತಕದಿಂದ. 1974ರಲ್ಲಿ ಮದುವೆಯಾಗಿ ಈ ಮನೆಗೆ ಬಂದಾಗ ನಮ್ಮಜ್ಜಿ ಹೇಳಿದ ಹಾಡುಗಳನ್ನೆಲ್ಲ ಅಮ್ಮ ಒಂದು ಉದ್ದ ನೋಟ್‌ಬುಕ್‌ನಲ್ಲಿ ಬರೆದುಕೊಂಡರು. ಹಸೆ ಹಾಡು, ಆರತಿ ಹಾಡು, ಬೀಗರ ಹಾಡು. ರಟ್ಟು ಕಿತ್ತುಹೋದ ಮೇಲೆ ಕ್ಯಾಲೆಂಡರ್ ಹಾಳೆ ಅಂಟಿಸಿದ್ದಾರೆ. ಆರತಿ ಹಾಡಿನ ಪುಟದಲ್ಲಿ ಅರಿಶಿನದ ಕಲೆ, ನಮ್ಮಕ್ಕನ ಮದುವೆಯಲ್ಲಿ ಆಗಿದ್ದು.

ಈಗ ಅಮ್ಮ ಈ ಪುಸ್ತಕ ತೆಗೆದುಕೊಂಡು 1974ಕ್ಕೆ ಹೋಗಿ ಹೊಸ ಸೊಸೆಯ ಕೈಗೆ, ಅಂದರೆ ತನ್ನ ಕೈಗೇ ಕೊಟ್ಟರು ಅಂತಿಟ್ಟುಕೊಳ್ಳಿ. ಆ ಸೊಸೆ ಅದನ್ನು ಐವತ್ತು ವರ್ಷ ಇಟ್ಟುಕೊಂಡು ಮತ್ತೆ ಹಿಂದಕ್ಕೆ ಒಯ್ಯುತ್ತಾರೆ. ಇದು ನಡೆಯುವುದು ಕಷ್ಟ. ಅಕ್ಕನ ಮದುವೆಯಲ್ಲಿ ಆದ ಕಲೆ 1974ರಲ್ಲೇ ಪುಟದ ಮೇಲೆ ಇರಬೇಕಾಗುತ್ತದೆ. ಹಾಳೆ ಐವತ್ತು ವರ್ಷ ಸವೆದರೂ ಶುರುವಿನಲ್ಲಿದ್ದ ಹಾಗೇ ಇರಬೇಕಾಗುತ್ತದೆ. ಇಂಥ ವಸ್ತುವಿಗೆ ನೋವಿಕೋವ್ ಮತ್ತು ಜೊತೆಗಾರ ಲೊಸೆವ್ 1992ರಲ್ಲಿ 'ಜಿನ್' (ಅರಬ್ಬೀ ಕಥೆಗಳ ಭೂತ) ಅಂತ ಹೆಸರಿಟ್ಟರು. ಸವೆದದ್ದನ್ನು ಹೊರಗಿನಿಂದ ಶಕ್ತಿ ಹಾಕಿ ಯಾರಾದರೂ ಮೊದಲಿನ ಹಾಗೆ ಮಾಡಲೇಬೇಕು.

ಆದರೆ ಪುಸ್ತಕ ಬೇಡ, ಹಾಡು ಮಾತ್ರ ಸಾಕು ಅಂದರೆ? ಹೊಸ ಸೊಸೆ ಆ ಹಾಡುಗಳನ್ನು ಹೊಸ ನೋಟ್‌ಬುಕ್‌ಗೆ ಇಳಿಸಿಕೊಂಡು ಹಳೆಯದನ್ನು ಒಲೆಗೆ ಹಾಕುತ್ತಾರೆ. ಆ ಹೊಸ ನೋಟ್‌ಬುಕ್ಕೇ ಐವತ್ತು ವರ್ಷ ಹಳತಾಗಿ ಹಿಂದಕ್ಕೆ ಹೋಗುತ್ತದೆ. ಕಾಗದದ ತೊಂದರೆ ತೀರಿತು. ಅಜ್ಜಿ ಹಾಡು ಹೇಳಿಕೊಡಲೇ ಇಲ್ಲ. ಹಾಗಾದರೆ ಹಾಡು ಕಟ್ಟಿದ್ದು ಯಾರು?

ನಮ್ಮ ಎಷ್ಟೋ ಹಾಡುಗಳನ್ನು ಯಾರು ಕಟ್ಟಿದರೋ ಗೊತ್ತಿಲ್ಲ. ಅದು ನಮಗೆ ಅಭ್ಯಾಸ. ಯಾರೋ ಒಬ್ಬಾಕೆ ರಾಗಿ ಬೀಸುತ್ತಾ, ಮಗು ತೂಗುತ್ತಾ ಒಂದು ಸಾಲು ಹೊಂದಿಸಿದಳು, ಹೆಸರು ಕಳೆದುಹೋಯಿತು. ಸುತ್ತಿನೊಳಗಿನ ಹಾಡು ಹಾಗಲ್ಲ. ಅದನ್ನು ಯಾರೂ ಕಟ್ಟಲಿಲ್ಲ. ಯಾರೂ ಪ್ರಾಸಕ್ಕೆ ತಡಕಾಡಲಿಲ್ಲ, ಯಾರೂ ಒಂದು ಪದ ತೆಗೆದು ಇನ್ನೊಂದು ಹಾಕಲಿಲ್ಲ. ಆದರೂ ಹಾಡು ಇದೆ, ಪೂರ್ತಿ ಇದೆ.

ಲೂಯಿಸ್ ಇದನ್ನೂ ಒಪ್ಪುತ್ತಾರೆ. ಸುತ್ತಿನ ಪ್ರತಿ ತುಂಡಿಗೂ ಕಾರಣ ಇದೆ, ಇಡೀ ಸುತ್ತಿಗೆ ಇಲ್ಲ, ಇರಲಿ ಬಿಡಿ ಅನ್ನುತ್ತಾರೆ. ಮಹಾಸ್ಫೋಟಕ್ಕೆ ಕಾರಣ ಇದೆಯೇ? ಟ್ರಿಟಿಯಂ ಅನ್ನುವ ವಿಕಿರಣಶೀಲ ಪರಮಾಣು ಒಂದು ಈ ಗಳಿಗೆಯಲ್ಲೇ ಒಡೆಯಲು ಕಾರಣ ಇದೆಯೇ? ಅವನ್ನು ಒಪ್ಪಿದವರು ಇದನ್ನೂ ಒಪ್ಪಬಹುದು ಅನ್ನುವುದು ಅವರ ವಾದ. ತರ್ಕದಲ್ಲಿ ತಪ್ಪು ಹುಡುಕಲು ನನಗೆ ಆಗುವುದಿಲ್ಲ. ವಿರೋಧಾಭಾಸ ಒಂದೂ ಇಲ್ಲ.

ಆದರೂ ನಾನು ಒಪ್ಪಲಾರೆ. ಪರಮಾಣು ಒಡೆಯುವುದು ಒಂದು 'ಹೌದು' ಅಥವಾ 'ಇಲ್ಲ', ಅಷ್ಟೆ. ಹಾಡಿನಲ್ಲಿ ನೂರಾರು ಆಯ್ಕೆಗಳಿವೆ. ಪ್ರತಿ ಆಯ್ಕೆಯ ಹಿಂದೆಯೂ ಯಾರದೋ ಕಿವಿ ಇದೆ. 1991ರಲ್ಲಿ ಭೌತವಿಜ್ಞಾನಿ ಡೇವಿಡ್ ಡಾಯ್ಚ್ ಇದೇ ಮಾತನ್ನು ಎತ್ತಿದರು. ತಾತನ ಗಂಟಿಗಿಂತ, ಯಾರೂ ದುಡಿಯದೆ ಜ್ಞಾನ ಹುಟ್ಟಿಬಿಡುವ ಈ ಗಂಟು ಅವರಿಗೆ ಕಠಿಣವಾಗಿ ಕಂಡಿತ್ತು. ಜ್ಞಾನ ಹುಟ್ಟುವುದು ತಪ್ಪುತ್ತಾ, ತಿದ್ದಿಕೊಳ್ಳುತ್ತಾ, ನಿಧಾನಕ್ಕೆ. ನಾನು ಪೂರ್ತಿ ಅವರ ಕಡೆ. ಹಳೆಯದು ಬದಲಾಗದು ಅನ್ನುವುದನ್ನು ನುಂಗಬಲ್ಲೆ. ಅದರಲ್ಲಿ ನೋವಿದೆ, ಆದರೆ ಅನ್ಯಾಯವಿಲ್ಲ. ಯಾರ ಬೆವರೂ ಇಲ್ಲದೆ ಹಾಡು ಬಂತು ಅನ್ನುವುದನ್ನು ನುಂಗಲಾರೆ.

ಆ ಸುತ್ತಿಗೆ ಇನ್ನೊಂದು ಷರತ್ತೂ ಇದೆ. ನಕಲು ಮಾಡುವಾಗ ಒಂದೇ ಒಂದು ಅಕ್ಷರ ಆಚೀಚೆ ಆಗುವ ಹಾಗಿಲ್ಲ. ಹಾಗೇನಾದರೂ ಆದರೆ ಸುತ್ತು ಕೂಡಿಕೊಳ್ಳುವುದಿಲ್ಲ.

ಸಂಜೆ ಹುಡುಗಿ ಅಮ್ಮನ ಪುಸ್ತಕ ತೆಗೆದುಕೊಂಡು ಕೂತಳು. ಒಂದು ಹಸೆ ಹಾಡನ್ನು ಹಾಡಿಸಿಕೊಂಡು ತನ್ನ ನೋಟ್‌ಬುಕ್‌ಗೆ ಇಳಿಸತೊಡಗಿದಳು. ಮೂರನೇ ನುಡಿಯಲ್ಲಿ ನಿಂತಳು. "ಅಜ್ಜಿ, ಬುಕ್ಕಲ್ಲಿ 'ಮುತ್ತಿನ ಹಸೆ' ಅಂತಿದೆ, ನೀವು 'ಮುತ್ತೈದೆ ಹಸೆ' ಅಂತ ಹಾಡಿದ್ರಿ."

ಅಮ್ಮ ಕನ್ನಡಕ ಹಾಕಿಕೊಂಡು ಪುಟ ಹತ್ತಿರಕ್ಕೆ ಹಿಡಿದು ನೋಡಿದರು. "ಅತ್ತೆ ಮುತ್ತಿನ ಅಂತಲೇ ಹೇಳ್ತಿದ್ರು. ನನ್ನ ಬಾಯಲ್ಲಿ ಯಾವಾಗ ಹೀಗಾಯ್ತೋ" ಅಂದರು.

"ಯಾವುದು ಬರೀಲಿ?"

"ಎರಡೂ ಬರಿ" ಅಂದು ಅಮ್ಮ ನಾಲ್ಕನೇ ನುಡಿ ಎತ್ತಿಕೊಂಡರು.